ಹೊಸ್ತಿಲ ಪಕ್ಕದ ಏಳು ಇಂಚು

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಿಟಿಯ ಅಪಾರ್ಟ್‌ಮೆಂಟೊಂದರ ನಿವಾಸಿ 2025ರಲ್ಲಿ ಪತ್ರಿಕೆಗಳಿಗೆ ಸುದ್ದಿಯಾದರು. ಕಾರಣ, ಅವರ ಚಪ್ಪಲಿ ಸ್ಟ್ಯಾಂಡು. ಮನೆ ಬಾಗಿಲ ಹೊರಗೆ, ಎಲ್ಲರೂ ಓಡಾಡುವ ಕಾರಿಡಾರಿನಲ್ಲಿ ಇಟ್ಟಿದ್ದ ಅದನ್ನು ತೆಗೆಯಿರಿ ಎಂದು ನಿವಾಸಿಗಳ ಸಂಘ ಹೇಳಿತು. ಅವರು ತೆಗೆಯಲಿಲ್ಲ. ದಿನಕ್ಕೆ 100 ರೂಪಾಯಿ ಲೆಕ್ಕದಲ್ಲಿ ಎಂಟು ತಿಂಗಳಿಗೆ 24,000 ರೂಪಾಯಿ ದಂಡ ಕಟ್ಟಿದರು. ಸಾಲದೆಂಬಂತೆ, ಮುಂದೆ ಬೀಳುವ ದಂಡಕ್ಕೆ ಇರಲಿ ಎಂದು 15,000 ರೂಪಾಯಿ ಅಡ್ವಾನ್ಸನ್ನೂ ಕೊಟ್ಟರು.

ಓದಿದವರು ನಕ್ಕರು. ಆದರೆ ಫ್ಲ್ಯಾಟಿನಲ್ಲಿ ಸಂಸಾರ ಮಾಡಿದ ಯಾರಿಗಾದರೂ ಆ ಹಟದ ಹಿಂದಿನ ಕಷ್ಟ ಅರ್ಥವಾಗುತ್ತದೆ. ಒಳಗೆ ಎಲ್ಲಿ ಇಡುವುದು?

ಸಂಘದ ವಾದ ತಪ್ಪಲ್ಲ. ಬೆಂಕಿ ಬಿದ್ದಾಗ, ಹೊಗೆ ತುಂಬಿದಾಗ ಜನ ತಡವರಿಸಿಕೊಂಡು ಓಡುವ ದಾರಿ ಕಾರಿಡಾರು. ಅದು ಖಾಲಿ ಇರಬೇಕು ಎಂದೇ ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಹೇಳುತ್ತದೆ. ತಪ್ಪಿರುವುದು ಮನೆಯ ನಕ್ಷೆಯಲ್ಲಿ. ಹಳೆಯ ಮನೆಗೆ ಜಗುಲಿ ಇತ್ತು. ಚಪ್ಪಲಿ, ಕೊಡೆ, ಕಂಬಳಿ, ಊರುಗೋಲು ಎಲ್ಲ ಅಲ್ಲೇ ಉಳಿಯುತ್ತಿದ್ದವು. ಹೊಸ್ತಿಲು ದಾಟುತ್ತಿದ್ದವರು ಮನುಷ್ಯರು ಮಾತ್ರ. ಫ್ಲ್ಯಾಟಿನಲ್ಲಿ ಜಗುಲಿ ಹೋಯಿತು, ಚಪ್ಪಲಿ ಉಳಿಯಿತು. ಜೊತೆಗೆ ಹೆಲ್ಮೆಟ್, ಲ್ಯಾಪ್‌ಟಾಪ್ ಬ್ಯಾಗು, ಮಕ್ಕಳ ಸ್ಕೂಲ್ ಶೂ, ಆನ್‌ಲೈನಿನಲ್ಲಿ ತರಿಸಿದ ಡಬ್ಬಗಳು ಸೇರಿಕೊಂಡವು. ಇಷ್ಟಕ್ಕೆಲ್ಲ ಬಿಲ್ಡರ್ ಕೊಡುವುದು ಬಾಗಿಲಿನಿಂದ ಹಾಲಿನವರೆಗಿನ ನಾಲ್ಕಡಿ ಅಗಲದ ಒಂದು ಸಂದು. ಬ್ರೋಷರಿನಲ್ಲಿ ಅದರ ಹೆಸರು ಫಾಯರ್.

ಈ ಸಂದಿಗೆ ಪೀಠೋಪಕರಣ ಹುಡುಕುವವರು ಸಾಮಾನ್ಯವಾಗಿ ಉದ್ದ ಮತ್ತು ಎತ್ತರ ಅಳೆದುಕೊಂಡು ಅಂಗಡಿಗೆ ಹೋಗುತ್ತಾರೆ. ಅಳೆಯಬೇಕಾದದ್ದು ಆಳ, ಅಂದರೆ ಗೋಡೆಯಿಂದ ಮುಂದಕ್ಕೆ ಅದು ಎಷ್ಟು ಚಾಚಿಕೊಳ್ಳುತ್ತದೆ ಎಂಬುದು. ದೊಡ್ಡವರ ಒಂದು ಶೂ ಸುಮಾರು 30 ಸೆಂಟಿಮೀಟರ್ ಉದ್ದ. ಅದನ್ನು ಮಲಗಿಸಿ ಇಡುವ ಯಾವ ಕಪಾಟೂ 33–35 ಸೆಂ.ಮೀ.ಗಿಂತ ಕಡಿಮೆ ಆಳಕ್ಕೆ ಇಳಿಯುವುದಿಲ್ಲ. ನಾಲ್ಕಡಿ ಎಂದರೆ 122 ಸೆಂ.ಮೀ.; ಅದರಲ್ಲಿ 35 ಕಳೆದರೆ 87 ಉಳಿಯುತ್ತದೆ. ಒಬ್ಬರು ನಡೆಯಲು ಧಾರಾಳ ಸಾಕು. ಆದರೆ ಒಬ್ಬರು ಬಗ್ಗಿ ಬಕಲ್ ಹಾಕುತ್ತಿರುವಾಗ ಇನ್ನೊಬ್ಬರು ತರಕಾರಿ ಚೀಲ ಹಿಡಿದು ಒಳಬಂದರೆ, ಗ್ಯಾಸ್ ಸಿಲಿಂಡರ್ ಹೊತ್ತವರು ತಿರುಗಿದರೆ, ಹೊಸ ಫ್ರಿಜ್ ಬಂದರೆ, ಆಗ ಪ್ರತಿ ಇಂಚಿಗೂ ಬೆಲೆ ಬರುತ್ತದೆ. ಬಾಗಿಲು ಒಳಕ್ಕೆ ತೆರೆದು ಯಾವ ಗೋಡೆಗೆ ಒರಗುತ್ತದೆ ಎಂಬುದೂ ಇದೇ ಲೆಕ್ಕಕ್ಕೆ ಸೇರಬೇಕು. ವಾಸ್ತು ಹೇಳುವವರ ದಿಕ್ಕಿನ ಲೆಕ್ಕ ಬೇರೆ ಇರಬಹುದು. ಇಲ್ಲಿ ಮಾತು ಇಂಚುಗಳದ್ದು.

ಇದಕ್ಕೆ ಉತ್ತರ ಸ್ವೀಡನ್ನಿನಿಂದ ಬಂದದ್ದು ಆಕಸ್ಮಿಕವಲ್ಲ. ಯುರೋಪಿನ ಅನೇಕ ದೇಶಗಳವರು ಶೂ ಹಾಕಿಕೊಂಡೇ ಮನೆಯೊಳಗೆ ಓಡಾಡಿದರೂ ಸ್ವೀಡನ್ನಿನವರು ನಮ್ಮ ಹಾಗೆ ಬಾಗಿಲಲ್ಲೇ ಬಿಚ್ಚುತ್ತಾರೆ. ಹಿಮ, ಕೆಸರು, ಉಪ್ಪು ಮೆತ್ತಿದ ಬೂಟುಗಳನ್ನು ಎಲ್ಲಿಡುವುದು ಎಂಬ ಪ್ರಶ್ನೆ ಅಲ್ಲಿಯ ಸಣ್ಣ ಫ್ಲ್ಯಾಟುಗಳಿಗೂ ಇದೆ. ಹಾಗಾಗಿ ಐಕಿಯಾದಂಥ ಕಂಪನಿಗಳು ಶೂಗಳನ್ನು ಮಲಗಿಸದೆ, ಮೂತಿ ಕೆಳಗೆ ಮಾಡಿ ಓರೆಯಾಗಿ ನಿಲ್ಲಿಸುವ ಕಪಾಟುಗಳನ್ನು ಮಾಡಿದವು. ಮೇಲಂಚು ಹಿಡಿದು ಎಳೆದರೆ ಮುಂಭಾಗ ಮುಂದಕ್ಕೆ ಬಾಗುತ್ತದೆ, ಶೂಗಳು ಸಾಲಾಗಿ ಕಾಣುತ್ತವೆ. ತಳ್ಳಿದರೆ ಗೋಡೆಗೆ ಅಂಟಿಕೊಂಡ ಹಾಗೆ ಮುಚ್ಚಿಕೊಳ್ಳುತ್ತದೆ. ಹೆಮ್ನೆಸ್ ಎಂಬ ಹೆಸರಿನಲ್ಲಿ ಬರುವ ನಾಲ್ಕು ಖಾನೆಯ ಕಪಾಟಿನ ಆಳ 22 ಸೆಂ.ಮೀ. ಟ್ರೋನೆಸ್ ಎಂಬ ಪ್ಲಾಸ್ಟಿಕ್ ಪೆಟ್ಟಿಗೆಯದು ಇನ್ನೂ ಕಡಿಮೆ, 18 ಸೆಂ.ಮೀ. ಅಂದರೆ ಏಳೇ ಇಂಚು. 122ರಲ್ಲಿ 18 ಕಳೆದರೆ 104 ಉಳಿಯುತ್ತದೆ. ಒಂದು ಫ್ರಿಜ್ಜು ಹಾಯಾಗಿ ಹಾದುಹೋಗುತ್ತದೆ.

ಮುಚ್ಚಿದ ಮುಂಭಾಗಕ್ಕೆ ಇಲ್ಲಿ ಇನ್ನೊಂದು ಬೆಲೆಯೂ ಇದೆ. ಶುಕ್ರವಾರ ಹೊಸ್ತಿಲಿಗೆ ಅರಿಸಿನ ಕುಂಕುಮ ಇಡುವ ಮನೆಗಳಲ್ಲಿ ಅದರ ಮಗ್ಗುಲಲ್ಲೇ ಚಪ್ಪಲಿ ರಾಶಿ ಕಣ್ಣಿಗೆ ಬೀಳುವುದು ಯಾರಿಗೂ ಹಿಡಿಸುವುದಿಲ್ಲ.

ಕಾಲು ಬಿಚ್ಚಿದವರು, ಕಾಲು ಹಾಕುವವರು

ಬಿಡಿಬಿಡಿಯಾಗಿ ಬಂದು ಮನೆಯಲ್ಲಿ ಜೋಡಣೆಯಾಗುವ ಪೀಠೋಪಕರಣ ಹೊಸದೇನಲ್ಲ. ವಿಯೆನ್ನಾದ ಥೋನೆಟ್ ಕಂಪನಿ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿಯಲ್ಲಿ ಇದ್ದದ್ದು ಹಬೆಯಲ್ಲಿ ಬಗ್ಗಿಸಿದ ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿಟ್ಟರೆ ಅಂಥ 36 ಕುರ್ಚಿಗಳು ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ ಹಿಡಿಯುತ್ತಿದ್ದವು. ಭಾರತಕ್ಕೆ ಬಂದ ಬ್ರಿಟಿಷ್ ಸೇನಾಧಿಕಾರಿಗಳ ಸಾಮಾನಿನಲ್ಲೂ ಕಾಲು ತಿರುಗಿಸಿ ಬಿಚ್ಚುವ ಮೇಜು, ಎರಡು ಹೋಳಾಗುವ ಡ್ರಾಯರ್ ಪೆಟ್ಟಿಗೆ, ಮಡಚುವ ಮಂಚ ಇರುತ್ತಿದ್ದವು. ಎತ್ತಿನ ಗಾಡಿಯ ಮೇಲೆ ಹೇರುವವರಿಗೆ ಅದು ಸೊಗಸಿನ ವಿಷಯವಲ್ಲ, ಅನಿವಾರ್ಯ.

ಐಕಿಯಾವನ್ನು ಇಂಗ್ವಾರ್ ಕಾಂಪ್ರಾಡ್ 1943ರಲ್ಲಿ, ತಮ್ಮ ಹದಿನೇಳನೆಯ ವಯಸ್ಸಿನಲ್ಲಿ ಆರಂಭಿಸಿದಾಗ ಅಲ್ಲಿ ಪೀಠೋಪಕರಣ ಇರಲಿಲ್ಲ. ಅದು ಬಂದದ್ದು 1948ರಲ್ಲಿ. ಚಪ್ಪಟೆ ಡಬ್ಬದ ಕಥೆ 1956ರದು. ಗಿಲ್ಲಿಸ್ ಲುಂಡ್‌ಗ್ರೆನ್ ಎಂಬ ನೌಕರ ಎಲೆಯಾಕಾರದ ಒಂದು ಸಣ್ಣ ಮೇಜನ್ನು ಕಾರಿನಲ್ಲಿ ಹಾಕಲು ನೋಡಿದರು; ಹಿಡಿಯಲಿಲ್ಲ. ಕಾಲು ಬಿಚ್ಚಿ ಹಲಗೆಯ ಅಡಿಗೆ ಇಟ್ಟರು, ಹಿಡಿಯಿತು. ಮುಂದೆ ಇದೇ ಲುಂಡ್‌ಗ್ರೆನ್ 1979ರಲ್ಲಿ ಬಿಲ್ಲಿ ಎಂಬ ಪುಸ್ತಕದ ಕಪಾಟು ಮಾಡಿದರು. ಅದರ ಆಳ 28 ಸೆಂ.ಮೀ. ಪುಸ್ತಕಕ್ಕೆ ಮಾಡಿದ ಆ ತೆಳು ಮೈಯನ್ನೇ ಜನ ಬಾಗಿಲ ಬಳಿಯ ಕಪಾಟಾಗಿಯೂ ಬಳಸುತ್ತಾರೆ.

ಬೆಂಗಳೂರಿನಲ್ಲಿ ತುಮಕೂರು ರಸ್ತೆಯ ನಾಗಸಂದ್ರ ಮೆಟ್ರೊ ನಿಲ್ದಾಣದ ಪಕ್ಕದಲ್ಲಿ ಐಕಿಯಾದ ಮಳಿಗೆ ತೆರೆದದ್ದು 2022ರ ಜೂನ್ 22ರಂದು. 4.6 ಲಕ್ಷ ಚದರಡಿಯ ಆ ಮಳಿಗೆಗೆ ಮೊದಲ ವಾರಾಂತ್ಯ ಬಂದವರು ಗಂಟೆಗಟ್ಟಲೆ ಸಾಲು ನಿಂತರು. ಸ್ವೀಡನ್ನಿನ ಹವೆಗೆ ಹುಟ್ಟಿದ ವಿನ್ಯಾಸಗಳು ಅಲ್ಲಿಂದ ರಾಜಾಜಿನಗರದ ಬಾಡಿಗೆ ಮನೆಗೂ ವೈಟ್‌ಫೀಲ್ಡಿನ ಹದಿನಾಲ್ಕನೇ ಮಹಡಿಗೂ ಹೋದವು. ಹೋದ ಮೇಲೆ ಅವುಗಳಿಗೆ ಎದುರಾದದ್ದು ನೆಲ ಒರೆಸುವ ಬಟ್ಟೆ.

ಸ್ವೀಡನ್ನಿನ ಮನೆಗಳಲ್ಲಿ ನೆಲಕ್ಕೆ ನಮ್ಮಷ್ಟು ನೀರು ಬೀಳುವುದಿಲ್ಲ. ಇಲ್ಲಿ ಬಾಗಿಲ ಬಳಿಯಂತೂ ದಿನವೂ ಒದ್ದೆ ಬಟ್ಟೆ ಆಡುತ್ತದೆ, ಹಬ್ಬದ ಮುನ್ನಾದಿನ ಬಕೆಟ್ಟಿನಲ್ಲೇ ತೊಳೆಯುತ್ತಾರೆ. ಅಗ್ಗದ ಕಪಾಟುಗಳ ಮೈ ಬಹುತೇಕ ಪಾರ್ಟಿಕಲ್ ಬೋರ್ಡು, ಅಂದರೆ ಮರದ ಚೂರನ್ನು ಅಂಟಿನಲ್ಲಿ ಕಲಸಿ ಒತ್ತಿದ ಹಲಗೆ. ಮೇಲಿನ ಹೊದಿಕೆ ಇರುವಷ್ಟು ದಿನ ಅದಕ್ಕೆ ನೀರಿನ ಭಯವಿಲ್ಲ. ನೆಲಕ್ಕೆ ತಾಗುವ ಕೆಳ ಅಂಚಿನಲ್ಲಿ ಎಷ್ಟೋ ಕಪಾಟುಗಳಿಗೆ ಆ ಹೊದಿಕೆಯೇ ಇರುವುದಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಆ ಅಂಚು ಚಹಾದಲ್ಲಿ ಅದ್ದಿದ ರಸ್ಕಿನಂತೆ ಉಬ್ಬುತ್ತದೆ, ಒಣಗಿದರೂ ಹಳೆಯ ಅಳತೆಗೆ ಮರಳುವುದಿಲ್ಲ.

ಆದ್ದರಿಂದ ಕನ್ನಡನಾಡಿನ ಮನೆಯಲ್ಲಿ ಇಂಥ ಕಪಾಟಿಗೆ ಆಗಬೇಕಾದ ಮೊದಲ ಬದಲಾವಣೆ ಬಣ್ಣವೂ ಅಲ್ಲ, ಹಿಡಿಯೂ ಅಲ್ಲ. ನೆಲದಿಂದ ಎತ್ತುವುದು. ಲುಂಡ್‌ಗ್ರೆನ್ ಕಾಲು ಬಿಚ್ಚಿ ಒಂದು ಉದ್ಯಮಕ್ಕೆ ದಾರಿ ಮಾಡಿದರು. ಅದೇ ಉದ್ಯಮದ ಮಾಲಿಗೆ ಇಲ್ಲಿಯವರು ಕಾಲು ಹಾಕಬೇಕು. ನಾಲ್ಕರಿಂದ ಆರು ಇಂಚಿನ ಕಾಲು ಹಾಕಿದರೆ ಒರೆಸುವ ಕೋಲು ಅಡಿಗೆ ಹೋಗುತ್ತದೆ, ದಿನಬಳಕೆಯ ಹವಾಯಿ ಚಪ್ಪಲಿ ಅಲ್ಲೇ ತೂರುತ್ತದೆ, ನೋಡಲೂ ಕಪಾಟು ಹಗುರವಾಗುತ್ತದೆ. ಸ್ಟಾಕ್‌ಹೋಮಿನ ಪ್ರೆಟಿಪೆಗ್ಸ್ ಎಂಬ ಕಂಪನಿ ಐಕಿಯಾದ ಸೋಫಾ, ಕಪಾಟುಗಳಿಗೆ ಬದಲಿ ಕಾಲು ಮಾರುವುದನ್ನೇ ವ್ಯಾಪಾರ ಮಾಡಿಕೊಂಡಿದೆ. ಇಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಪಿವಿಸಿ ಅಥವಾ ಸ್ಟೀಲ್ ಕಾಲುಗಳೇ ಸಾಕು. ಮಾಡ್ಯುಲರ್ ಕಿಚನ್‌ನವರು ಕ್ಯಾಬಿನೆಟ್ಟಿನ ಅಡಿ ಹಾಕುವುದೂ ಅವನ್ನೇ. ತೆಳು ತಳಕ್ಕೆ ನೇರವಾಗಿ ಸ್ಕ್ರೂ ಹೊಡೆಯುವ ಬದಲು ಅಡಿಯಲ್ಲಿ ಒಂದು ಪ್ಲೈವುಡ್ ಹಲಗೆ ಕೊಟ್ಟು ಅದಕ್ಕೆ ಕಾಲು ಜೋಡಿಸಿದರೆ ಭಾರ ಹಂಚಿಕೆಯಾಗುತ್ತದೆ. ಪ್ಲೈವುಡ್ ಕೇಳುವಾಗ ಐಎಸ್ 710 ಎಂಬ ಗುರುತಿನದ್ದು ಕೇಳುವುದು ಮೇಲು. ಅಂಗಡಿಯವರ ಬಾಯಲ್ಲಿ ಅದು ಮರೀನ್ ಪ್ಲೈ.

ಗೋಡೆಗೇ ತೂಗುಹಾಕುವ ಕಪಾಟಾದರೆ ಕಾಲೂ ಬೇಡ. ಟೈಲ್ಸ್ ಹಾಕಿದ ನಮ್ಮ ಮನೆಗಳಲ್ಲಿ ಅದಕ್ಕೆ ಇನ್ನೊಂದು ಅನುಕೂಲವಿದೆ. ಗೋಡೆಯ ಬುಡದಲ್ಲಿ ನಾಲ್ಕಿಂಚು ಎತ್ತರಕ್ಕೆ ಓಡುವ ಸ್ಕರ್ಟಿಂಗ್ ಸುಮಾರು ಒಂದು ಸೆಂಟಿಮೀಟರ್ ಮುಂದೆ ಬಂದಿರುತ್ತದೆ. ನೆಲದ ಮೇಲೆ ನಿಂತ ಕಪಾಟು ಅದಕ್ಕೆ ತಾಗಿ, ಮೇಲ್ಗಡೆ ಗೋಡೆಗೂ ಬೆನ್ನಿಗೂ ನಡುವೆ ಬೆರಳು ತೂರುವಷ್ಟು ಸಂದು ಬಿಡುತ್ತದೆ. ಬೀಗದ ಕೈ, ಕರೆಂಟ್ ಬಿಲ್ಲು, ಎರಡು ರೂಪಾಯಿ ನಾಣ್ಯ ಎಲ್ಲ ಆ ಸಂದಿಗೆ ಇಳಿಯುತ್ತವೆ. ಸ್ಕರ್ಟಿಂಗಿನ ಮೇಲಕ್ಕೆ ಎತ್ತಿ ಕೂರಿಸಿದರೆ ಈ ತಾಪತ್ರಯವಿಲ್ಲ.

32ರ ಮಗ್ಗಿ

ಕಾರ್ಖಾನೆಯ ಕಪಾಟನ್ನು ತಮಗೆ ಬೇಕಾದ ಹಾಗೆ ಬದಲಿಸಿಕೊಳ್ಳುವುದು ಇಷ್ಟು ಸಲೀಸಾಗಿರುವುದಕ್ಕೆ ಕಾರಣ ಅದರ ಒಳಗಿನ ಅಳತೆಗಳು. ಎರಡನೇ ಮಹಾಯುದ್ಧದ ನಂತರ ಮನೆಗಳನ್ನೂ ಸಾಮಾನುಗಳನ್ನೂ ಬೇಗ ಬೇಗ ಕಟ್ಟಬೇಕಿದ್ದ ಯುರೋಪಿನಲ್ಲಿ ಕಪಾಟಿನ ಹಲಗೆಗಳಿಗೆ ಒಂದೇ ಅಂತರದ ತೂತು ಕೊರೆಯುವ ಪದ್ಧತಿ ಬೆಳೆಯಿತು. ತೂತಿನಿಂದ ತೂತಿಗೆ 32 ಮಿಲಿಮೀಟರ್, ತೂತಿನ ವ್ಯಾಸ 5 ಮಿ.ಮೀ., ಮುಂದಿನ ಅಂಚಿನಿಂದ ಸಾಲಿನ ದೂರ 37 ಮಿ.ಮೀ. ಒಳಗೆ ಕೂರುವ ಕೀಲಿನ ಬಟ್ಟಲು 35 ಮಿ.ಮೀ. ಅಂಗಡಿಯಲ್ಲಿ ಸಿಗುವ ಹಿಡಿಗಳ ಎರಡು ಸ್ಕ್ರೂಗಳ ನಡುವಿನ ಅಂತರ ಅಳೆದು ನೋಡಿ: 96, 128, 160. ಎಲ್ಲವೂ 32ರ ಮಗ್ಗಿಯೇ. ಹಾಗಾಗಿ ಜರ್ಮನಿಯ ಕೀಲು ಸ್ವೀಡನ್ನಿನ ಬಾಗಿಲಿಗೆ ಕೂರುತ್ತದೆ, ಅದರ ಮೇಲೆ ರಾಜ್‌ಕೋಟಿನ ಹಿಡಿ ಹಿಡಿಯುತ್ತದೆ.

ಈ ಶಿಸ್ತಿನ ಮೇಲೆಯೇ ಹೊಸ ವ್ಯಾಪಾರಗಳು ಎದ್ದಿವೆ. ಸ್ವೀಡನ್ನಿನ ಸೂಪರ್‌ಫ್ರಂಟ್ 2013ರಲ್ಲಿ, ಕೋಪನ್‌ಹೇಗನ್ನಿನ ರಿಫಾರ್ಮ್ 2014ರಲ್ಲಿ ಐಕಿಯಾದ ಪೆಟ್ಟಿಗೆಗಳಿಗೆ ಬರೀ ಮುಖ ಮಾಡಿಕೊಡುವ ಕೆಲಸ ಆರಂಭಿಸಿದವು: ಬಾಗಿಲು, ಮೇಲ್ಹಲಗೆ, ಹಿಡಿ. ರಿಫಾರ್ಮ್‌ಗೆ ವಿನ್ಯಾಸ ಮಾಡಿಕೊಟ್ಟವರಲ್ಲಿ ಬ್ಯಾರ್ಕೆ ಇಂಗೆಲ್ಸ್ ಅವರ ವಾಸ್ತುಶಿಲ್ಪ ಸಂಸ್ಥೆಯೂ ಇದೆ. ಒಳಗಿನ ಪೆಟ್ಟಿಗೆ ಲಕ್ಷಾಂತರ ಮನೆಗಳಲ್ಲಿರುವಂಥದ್ದೇ, ಮುಖ ಮಾತ್ರ ಬೇರೆ. ಬೆಂಗಳೂರಿನವರು ಇದಕ್ಕೆ ಕೋಪನ್‌ಹೇಗನ್ನಿನ ತನಕ ಹೋಗಬೇಕಿಲ್ಲ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯ ಕಡೆ ಹೊರಟರೆ ಹಲಗೆ, ಲ್ಯಾಮಿನೇಟು, ಕೊಯ್ದುಕೊಡುವ ಯಂತ್ರ ಎಲ್ಲ ಸಿಗುತ್ತವೆ.

ಆದರೆ ಮುಖ ಬದಲಿಸುವ ಮುಂಚೆ ಮೈ ಯಾವುದೆಂದು ತಿಳಿದಿರಬೇಕು. ಡಬ್ಬದಿಂದ ತೆಗೆದಾಗ ಎಲ್ಲ ಹಲಗೆಯೂ ಬಿಳಿಯೇ, ನುಣುಪೇ. ಒಳಗಿನ ಜಾತಿ ಬೇರೆ ಬೇರೆ. ಲ್ಯಾಕ್ ಎಂಬ ಅಗ್ಗದ ಮೇಜಿನ ದಪ್ಪ ಹಲಗೆಯ ಹೊಟ್ಟೆಯಲ್ಲಿ ಇರುವುದು ಜೇನುಗೂಡಿನಾಕಾರದ ಕಾಗದ. ಅಂಚಿನ ಚೌಕಟ್ಟಿನಲ್ಲಿ ಮಾತ್ರ ಸ್ಕ್ರೂ ನಿಲ್ಲುತ್ತದೆ, ನಡುವೆ ಹೊಡೆದರೆ ಗಾಳಿಗೆ ಹೊಡೆದ ಹಾಗೆ. ಕಲ್ಲಾಕ್ಸ್ ಎಂಬ ಚೌಕಖಾನೆಗಳ ಕಪಾಟಿನ ಹೊರ ಚೌಕಟ್ಟೂ ಬಹುಮಟ್ಟಿಗೆ ಟೊಳ್ಳೇ. ಉದ್ದ ಕಡಿಮೆ ಮಾಡೋಣವೆಂದು ಅದನ್ನು ಗರಗಸಕ್ಕೆ ಕೊಟ್ಟರೆ ಕೊನೆಗೆ ಕೈಯಲ್ಲಿ ಉಳಿಯುವುದು ಬಾಯಿ ತೆರೆದ ಎರಡು ಪೊಟ್ಟಣ. ಪಾರ್ಟಿಕಲ್ ಬೋರ್ಡನ್ನು ಕೊಯ್ಯಬಹುದು, ಆದರೆ ಕೊಯ್ದ ಅಂಚಿಗೆ ಕೂಡಲೇ ಪಟ್ಟಿ ಅಂಟಿಸಬೇಕು. ಐವಾರ್ ಸಾಲಿನವು ಬಣ್ಣ ಹಚ್ಚದ ಅಸಲಿ ಪೈನ್ ಮರದವು, 30 ಸೆಂ.ಮೀ. ಆಳದ ಪುಟ್ಟ ಕಪಾಟುಗಳೂ ಅದರಲ್ಲಿವೆ. ಅವನ್ನು ಕೊಯ್ಯಬಹುದು, ಕೆತ್ತಬಹುದು, ಬೇಕಾದ ಬಣ್ಣ ಹಚ್ಚಬಹುದು. ಬಣ್ಣ, ವಾರ್ನಿಷ್ ಏನೂ ಹಚ್ಚದೆ ಬಿಟ್ಟ ಪೈನ್ ಗೆದ್ದಲಿಗೆ ಬಲು ಪ್ರಿಯ ಎನ್ನುವುದನ್ನು ಮಾತ್ರ ಮರೆಯಬಾರದು.

ಊರಿನ ಬಡಗಿಗಳು ಈ ಹಲಗೆಗಳನ್ನು ಕಂಡು ಮೂಗು ಮುರಿಯುತ್ತಾರೆ. ‘ಇದು ಮರ ಅಲ್ಲ ಸಾರ್, ಪುಡಿ’ ಎನ್ನುವ ಮಾತು ಎಲ್ಲರೂ ಕೇಳಿರುವಂಥದ್ದೇ. ಅವರು ಹೇಳುವುದು ನಿಜ. ಆದರೆ ಪುಡಿಗೂ ತನ್ನದೇ ವರಸೆ ಇದೆ. ಮೊದಲು ಸಣ್ಣ ತೂತು ಕೊರೆದುಕೊಂಡು, ದಪ್ಪ ಎಳೆಯ ಸ್ಕ್ರೂವನ್ನು ಕೈಯಲ್ಲೇ ತಿರುಗಿಸಿ, ಬಿಗಿಯಾದ ಕೂಡಲೇ ನಿಲ್ಲಿಸಬೇಕು. ಪವರ್ ಡ್ರಿಲ್ಲಿನಿಂದ ಇನ್ನೊಂದು ಸುತ್ತು ತಿರುಗಿಸಿದರೆ ಎಳೆ ಹರಿದು ಸ್ಕ್ರೂ ಸುಮ್ಮನೆ ಸುತ್ತತೊಡಗುತ್ತದೆ. ಆಗ ಮದ್ದು ಬಡಗಿಗಳದ್ದೇ: ತೂತಿಗೆ ಗೋಂದು ಬಿಟ್ಟು, ತಲೆ ಮುರಿದ ಬೆಂಕಿಕಡ್ಡಿ ತುಂಬಿ, ಒಣಗಿದ ಮೇಲೆ ಮತ್ತೆ ಸ್ಕ್ರೂ ಹಾಕುವುದು.

ಮುಖಕ್ಕೆ ಬಣ್ಣ

ಜನ ಎಡವುವುದು ಹೆಚ್ಚಾಗಿ ಬಣ್ಣದಲ್ಲಿ. ಮೆಲಮೈನ್ ಹೊದಿಕೆಯ ಹಲಗೆ ಏನನ್ನೂ ಹೀರಿಕೊಳ್ಳುವುದಿಲ್ಲ. ಗೋಡೆಗೆ ಹಚ್ಚಿ ಉಳಿದ ಎಮಲ್ಶನ್ನನ್ನು ನೇರವಾಗಿ ಬಳಿದರೆ ಅದು ಒಣಗಿದಂತೆ ಕಂಡು, ಮೊದಲ ಸಲ ಉಗುರು ತಾಗಿದಾಗ ಸಿಪ್ಪೆಯಾಗಿ ಎದ್ದುಬರುತ್ತದೆ. ಮೊದಲು ಎಣ್ಣೆ ಜಿಡ್ಡು ಒರೆಸಬೇಕು. ನುಣುಪಾದ 220ರ ಉಪ್ಪುಕಾಗದದಲ್ಲಿ ಹೊಳಪು ಹೋಗುವಷ್ಟು ಮಾತ್ರ ಉಜ್ಜಬೇಕು. ಕೆಲವು ಹಲಗೆಗಳ ಹೊದಿಕೆ ಬರೀ ಕಾಗದದಷ್ಟು ತೆಳು, ಜೋರಾಗಿ ಉಜ್ಜಿದರೆ ಒಳಗಿನ ಕಂದು ಇಣುಕುತ್ತದೆ. ಆಮೇಲೆ ನುಣುಪು ಮೈಗೂ ಹಿಡಿಯುವ ಪ್ರೈಮರ್ ಒಂದು ಕೈ, ಅದು ಪೂರ್ತಿ ಒಣಗಿದ ಮೇಲೆ ಎನಾಮಲ್ ಅಥವಾ ಪಿಯು ಬಣ್ಣ ತೆಳುವಾಗಿ ಎರಡು ಕೈ. ಜುಲೈ ತಿಂಗಳ ಮಂಗಳೂರಿನಲ್ಲೋ ಸಾಗರದಲ್ಲೋ ಈ ಕೆಲಸಕ್ಕೆ ಇಳಿಯದಿರುವುದು ಒಳ್ಳೆಯದು. ಆ ತೇವದಲ್ಲಿ ಬಣ್ಣ ದಿನಗಟ್ಟಲೆ ಅಂಟಂಟಾಗಿಯೇ ಇರುತ್ತದೆ.

ಲ್ಯಾಮಿನೇಟ್ ಅಂಟಿಸುವವರಿಗೆ ಬೇರೆ ಬಗೆಯ ತೊಡಕು. ನೀರಿನಂಶದ ಬಿಳಿ ಗೋಂದು ಮೆಲಮೈನಿಗೆ ಹಿಡಿಯುವುದಿಲ್ಲ. ಎರಡೂ ಮೈಗೆ ಹಚ್ಚಿ, ಸ್ವಲ್ಪ ಒಣಗಲು ಬಿಟ್ಟು, ಒತ್ತಿ ಕೂರಿಸುವ ರಬ್ಬರ್ ಗೋಂದೇ ಬೇಕು. ಹಾಳೆಯ ದಪ್ಪ ಒಂದೇ ಮಿಲಿಮೀಟರ್ ಆದರೂ ಬಾಗಿಲಿನ ಪಕ್ಕದಂಚಿಗೂ ಅಂಟಿಸಿದರೆ ಪಕ್ಕಪಕ್ಕದ ಎರಡು ಬಾಗಿಲು ಉಜ್ಜಿಕೊಳ್ಳುತ್ತವೆ. ಕೀಲಿನಲ್ಲಿರುವ ಸ್ಕ್ರೂಗಳು ಬಾಗಿಲನ್ನು ಮೇಲೆ ಕೆಳಗೆ, ಆಚೀಚೆ, ಒಳಗೆ ಹೊರಗೆ ಕೆಲವು ಮಿಲಿಮೀಟರ್ ಸರಿಸುತ್ತವೆ. ಬಹಳ ಮಂದಿ ಆ ಸ್ಕ್ರೂಗಳನ್ನು ಮುಟ್ಟಿಯೇ ಇರುವುದಿಲ್ಲ. ಮುಂದಕ್ಕೆ ಬಾಗುವ ಶೂ ಕಪಾಟಿನಲ್ಲಿ ಮಾತ್ರ ಮುಖಕ್ಕೆ ಹೆಚ್ಚು ಭಾರ ಹೇರಬಾರದು. ದಪ್ಪ ತೇಗದ ಹಲಗೆ ಹೊಡೆದರೆ ಅದು ಮುಚ್ಚಿದ ಕಡೆ ನಿಲ್ಲದೆ ತಾನಾಗಿಯೇ ತೆರೆದುಕೊಳ್ಳುತ್ತದೆ.

ಎಲ್ಲಕ್ಕಿಂತ ಹೊಂದುವ ಮುಖವೆಂದರೆ ಬೆತ್ತದ ನೇಯ್ಗೆ. ಥೋನೆಟ್ ಕುರ್ಚಿಯ ಆಸನಕ್ಕೂ ಹೆಣೆದದ್ದು ಅದನ್ನೇ. ಈಚಿನ ಅಲಂಕಾರ ಪತ್ರಿಕೆಗಳಲ್ಲಿ ಅದು ಫ್ಯಾಷನ್ನಾಗಿ ಮರಳಿದೆ. ನಮ್ಮಲ್ಲಿ ಅದಕ್ಕೆ ಫ್ಯಾಷನ್ನಿಗಿಂತ ಗಟ್ಟಿ ಕಾರಣವಿದೆ. ಮಳೆಯಲ್ಲಿ ನೆನೆದ ಶೂವನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟರೆ ವಾರದಲ್ಲೇ ಬೂಷ್ಟು ಹಿಡಿಯುತ್ತದೆ, ಮೊದಲು ಕಾಣಿಸುವುದು ಚರ್ಮದ ಹೊಲಿಗೆಯ ಮೇಲೆ ಬಿಳಿ ಪುಡಿಯಂತೆ. ಬೆತ್ತದ ಜಾಲರಿಯನ್ನು ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಚೌಕಟ್ಟಿನ ಹಿಂಬದಿಗೆ ಎಳೆದು ಪಿನ್ ಹೊಡೆದರೆ, ಒಣಗುತ್ತಾ ಅದು ತಾನಾಗಿ ಬಿಗಿಯುತ್ತದೆ. ಜೋತಾಡುತ್ತಿದ್ದ ಜಾಲರಿ ಸಂಜೆಯ ಹೊತ್ತಿಗೆ ಬೆರಳಲ್ಲಿ ತಟ್ಟಿದರೆ ಸದ್ದು ಮಾಡುವಷ್ಟು ಬಿಗಿಯಾಗಿರುತ್ತದೆ. ಹಿಂದಿನ ಹಾಳೆಯಲ್ಲಿ ಕೂಡ ಮೇಲೊಂದು ಕೆಳಗೊಂದು ಸಾಲು ತೂತು ಕೊರೆದರೆ ಗಾಳಿ ಸುಳಿದಾಡುತ್ತದೆ. ಆ ಹಾಳೆ ತೆಳುವೆಂದು ಪೂರ್ತಿ ಕಿತ್ತೊಗೆಯುವವರಿದ್ದಾರೆ. ಕಪಾಟು ಪಕ್ಕಕ್ಕೆ ವಾಲದ ಹಾಗೆ ಹಿಡಿದು ನಿಲ್ಲಿಸಿರುವುದೇ ಆ ಮೂರು ಮಿಲಿಮೀಟರ್ ಹಾಳೆ.

ಹಿಡಿಗಳ ವಿಷಯಕ್ಕೆ ಬಂದರೆ ಚನ್ನಪಟ್ಟಣ ಹತ್ತಿರದಲ್ಲೇ ಇದೆ. ಆಟಿಕೆಗೆ ಹೆಸರಾದ ಆ ಊರಿನಲ್ಲಿ ಹಾಲೆ ಮರವನ್ನು ತಿರುಗಣಿಯಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ, ಕೇದಿಗೆಯಂಥ ಗರಿಯಲ್ಲಿ ಉಜ್ಜಿ ಹೊಳಪು ಬರಿಸುತ್ತಾರೆ. ಅದೇ ತಿರುಗಣಿಯಲ್ಲಿ ಡ್ರಾಯರಿನ ಗುಂಡು ಹಿಡಿಗಳೂ ತಯಾರಾಗುತ್ತವೆ. ಬಿಳಿ ಕಪಾಟಿಗೆ ಹಳದಿ, ಕೆಂಪಿನ ನಾಲ್ಕು ಗುಂಡು ಹಿಡಿ ಬಿದ್ದರೆ ಅದು ಎಲ್ಲಿಯ ಸಾಮಾನೆಂದು ಹೇಳುವುದು ಕಷ್ಟ. ಇಡೀ ಕಪಾಟಿಗೆ ಬಣ್ಣ ಹಚ್ಚುವ ರಗಳೆಗಿಂತ ಇದು ಎಷ್ಟೋ ವಾಸಿ. ಗುಳೇದಗುಡ್ಡದ ಖಣದ ಬಟ್ಟೆಯನ್ನು ಬಾಗಿಲಿಗೆ ಅಂಟಿಸುವ ಉಪಾಯವೂ ಚೆನ್ನಾಗಿ ಕಾಣುತ್ತದೆ. ಆದರೆ ಬಾಗಿಲ ಬಳಿಯ ಧೂಳಿಗೆ ಬಟ್ಟೆ ಬೇಗ ಮಾಸುತ್ತದೆ, ಅದಕ್ಕೆ ಗಾಜಿನ ಹಿಂದಿನ ಜಾಗವೇ ಸರಿ.

ಗೋಡೆ ಮತ್ತು ತೂತು

ಸೊಗಸಿನ ಮಾತು ಮುಗಿದ ಮೇಲೆ ತಪ್ಪಿಸುವಂತಿಲ್ಲದ ಒಂದು ಕೆಲಸ ಉಳಿಯುತ್ತದೆ. ತೆಳುವಾದ, ಎತ್ತರದ ಕಪಾಟು ಗೋಡೆಗೆ ಬಿಗಿಯದಿದ್ದರೆ ಮುಗ್ಗರಿಸುತ್ತದೆ. ಮುಂಭಾಗ ತೆರೆದಾಗ ಶೂಗಳ ಭಾರವೆಲ್ಲ ಮುಂದಕ್ಕೆ ಬರುತ್ತದೆ. ಅದೇ ಹೊತ್ತಿಗೆ ಮಗುವೊಂದು ಅಂಚು ಹಿಡಿದು ಹತ್ತಿದರೆ ಮುಗಿಯಿತು. ಅಮೆರಿಕದಲ್ಲಿ ಡ್ರಾಯರ್ ಕಪಾಟುಗಳು ಮಗುಚಿ ಮಕ್ಕಳು ಸತ್ತ ಮೇಲೆ ಐಕಿಯಾ 2016ರಲ್ಲಿ ಮಾಲ್ಮ್ ಮತ್ತಿತರ ಸಾಲಿನ ಸುಮಾರು 2.9 ಕೋಟಿ ಕಪಾಟುಗಳನ್ನು ವಾಪಸು ಕರೆಯಬೇಕಾಯಿತು. 2022ರಲ್ಲಿ ಅಲ್ಲಿ ಇದಕ್ಕೆಂದೇ ಸ್ಟರ್ಡಿ ಎಂಬ ಕಾಯ್ದೆ ಬಂತು. ಹೊಸ ಕಾಲು ಹಾಕಿ ಕಪಾಟನ್ನು ಆರಿಂಚು ಎತ್ತರಿಸಿದವರು ಅದರ ಸಮತೋಲವನ್ನೂ ಬದಲಿಸಿರುತ್ತಾರೆ, ಅವರಂತೂ ಗೋಡೆಗೆ ಬಿಗಿಯಲೇಬೇಕು.

ಗೋಡೆಯೂ ಎಲ್ಲ ಕಡೆ ಒಂದೇ ಅಲ್ಲ. ಕೆಂಪು ಇಟ್ಟಿಗೆಯಲ್ಲಿ ಸಾಮಾನ್ಯ ಪ್ಲಗ್ಗು ಕಚ್ಚಿ ಹಿಡಿಯುತ್ತದೆ. ಒಳಗೆ ಟೊಳ್ಳಿರುವ ಸಿಮೆಂಟ್ ಬ್ಲಾಕಿನಲ್ಲಿ ಅದೇ ಪ್ಲಗ್ಗು ಸುಮ್ಮನೆ ಸುತ್ತುತ್ತದೆ, ಹಿಂದೆ ಅರಳಿ ಹಿಡಿಯುವ ಬಗೆಯದ್ದು ಬೇಕು. ಹೊಸ ಬಹುಮಹಡಿಗಳಲ್ಲಿ ಅಲ್ಯೂಮಿನಿಯಂ ಅಚ್ಚಿನಲ್ಲಿ ಎರೆದ ಕಾಂಕ್ರೀಟ್ ಗೋಡೆಗಳಿರುತ್ತವೆ. ಮನೆಯಲ್ಲಿನ ಸಣ್ಣ ಡ್ರಿಲ್ಲು ಅದರ ಮುಂದೆ ಬಿಸಿಯಾಗುವುದೇ ಹೊರತು ಕೊರೆಯುವುದಿಲ್ಲ, ಹ್ಯಾಮರ್ ಡ್ರಿಲ್ಲು ತರಿಸಬೇಕು. ನಮ್ಮ ಫ್ಲ್ಯಾಟುಗಳ ಮುಂಬಾಗಿಲ ಬಳಿಯೇ ಸ್ವಿಚ್‌ಬೋರ್ಡು, ಕಾಲಿಂಗ್ ಬೆಲ್ಲಿನ ವೈರು, ಹಲವೆಡೆ ಎಂಸಿಬಿ ಡಬ್ಬ ಕೂಡ ಇರುತ್ತವೆ. ಬೋರ್ಡಿನ ನೇರ ಮೇಲಕ್ಕೂ ಕೆಳಕ್ಕೂ ವೈರಿನ ಪೈಪು ಹೋಗಿರುತ್ತದೆ, ಆ ಗೆರೆಯಲ್ಲಿ ಕೊರೆಯುವ ಹಾಗಿಲ್ಲ. ಎಂಸಿಬಿ ಡಬ್ಬವನ್ನು ಅಂದಗೆಡಿಸುತ್ತದೆಂದು ಕಪಾಟಿನ ಹಿಂದೆ ಹೂತುಬಿಡುವವರು ರಾತ್ರಿ ಫ್ಯೂಸ್ ಹೋದಾಗ ಏನು ಮಾಡಬೇಕೆಂದು ಮೊದಲೇ ಯೋಚಿಸಿರಬೇಕು.

ಬಾಡಿಗೆ ಮನೆಯವರಿಗೆ ಗೋಡೆಯೇ ಕೈಗೆ ಸಿಗುವುದಿಲ್ಲ. ಒಂದು ಮೊಳೆ ಹೊಡೆಯಬಾರದೆಂದು ಕರಾರಿನಲ್ಲೇ ಬರೆಸುವ ಮಾಲೀಕರಿದ್ದಾರೆ, ಅಡ್ವಾನ್ಸ್ ಅವರ ಕೈಯಲ್ಲಿದೆ. ಅಂಥ ಕಡೆ ಎತ್ತರದ ಕಪಾಟಿನ ಆಸೆ ಬಿಟ್ಟು ತಗ್ಗಿನದ್ದಕ್ಕೆ ಹೋಗುವುದು ಜಾಣತನ. ನಾಲ್ಕು ಖಾನೆಯ ಕಲ್ಲಾಕ್ಸನ್ನು ಅಡ್ಡ ಮಲಗಿಸಿದರೆ ಅದರ ಎತ್ತರ 42 ಸೆಂ.ಮೀ., ಸುಮಾರಾಗಿ ಕುರ್ಚಿಯ ಎತ್ತರ. ಮೇಲೆ ಒಂದು ಪ್ಲೈವುಡ್ ಹಲಗೆ, ಅದರ ಮೇಲೆ ತೆಳು ಗಾದಿ ಹಾಕಿ ಅನೇಕರು ಶೂ ಹಾಕಿಕೊಳ್ಳುವ ಬೆಂಚು ಮಾಡಿಕೊಂಡಿದ್ದಾರೆ. ಕಂಪನಿ ಅದನ್ನು ಕೂರುವುದಕ್ಕೆಂದು ಮಾಡಿದ್ದಲ್ಲ, ಹಾಗಾಗಿ ಭಾರ ಹಂಚುವ ಹಲಗೆಯಿಲ್ಲದೆ ನೇರವಾಗಿ ಕೂರಬಾರದು. ಆಳ 39 ಸೆಂ.ಮೀ. ಇರುವುದರಿಂದ ನಾಲ್ಕಡಿ ಸಂದಿಗೆ ಇದು ಹೊಂದುವುದಿಲ್ಲ. ಗೋಡೆಯಲ್ಲಿ ಒಳಸರಿದ ಮೂಲೆ ಇದ್ದವರಿಗೆ ಸರಿ. ಮೊಳಕಾಲು ನೋವಿನ ಹಿರಿಯರಿರುವ ಮನೆಯಲ್ಲಿ ಕೂರಲು ಒಂದು ಜಾಗ ಎನ್ನುವುದು ಎಲ್ಲ ಅಲಂಕಾರಕ್ಕಿಂತ ದೊಡ್ಡ ಅನುಕೂಲ.

ಇಷ್ಟೆಲ್ಲ ಮೈ ಬಗ್ಗಿಸಿ ಮಾಡುವುದಕ್ಕಿಂತ ಬಡಗಿಗೆ ಹೇಳಿ ಅಳತೆಗೆ ಸರಿಯಾಗಿ ಮಾಡಿಸಬಾರದೇ? ಸ್ವಂತ ಮನೆಯಾಗಿದ್ದರೆ, ಸಂದು ವಕ್ರವಾಗಿದ್ದರೆ, ಮಾಡಿಸುವುದೇ ಲೇಸು. ಮರೀನ್ ಪ್ಲೈವುಡ್ಡಿನ ಕಪಾಟು ಪಾರ್ಟಿಕಲ್ ಬೋರ್ಡಿಗಿಂತ ಎಷ್ಟೋ ವರ್ಷ ಹೆಚ್ಚು ಬಾಳುತ್ತದೆ. ಆದರೂ ಜನ ಅಲೆನ್ ಕೀ ಹಿಡಿದು ನೆಲದ ಮೇಲೆ ಕೂರುವುದಕ್ಕೆ ಹಣ ಒಂದೇ ಕಾರಣವಲ್ಲ. ಮೈಕೆಲ್ ನಾರ್ಟನ್, ಡೇನಿಯಲ್ ಮೋಚನ್, ಡ್ಯಾನ್ ಏರಿಯಲಿ ಎಂಬ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐಕಿಯಾದ ಸಾದಾ ಪೆಟ್ಟಿಗೆಯನ್ನು ತಾವೇ ಜೋಡಿಸಿದವರು ಅದಕ್ಕೆ, ಜೋಡಿಸಿದ್ದನ್ನೇ ಪಡೆದವರಿಗಿಂತ ಶೇ 63ರಷ್ಟು ಹೆಚ್ಚು ಬೆಲೆ ಕೊಡಲು ಸಿದ್ಧರಿದ್ದರು. ಅದೇ ಅಧ್ಯಯನ ಇನ್ನೊಂದನ್ನೂ ಹೇಳುತ್ತದೆ: ಕೆಲಸವನ್ನು ಪೂರ್ತಿ ಮಾಡಲಾಗದವರಲ್ಲಿ ಆ ಮೋಹ ಹುಟ್ಟುವುದಿಲ್ಲ. ಒಂದು ಬಾಗಿಲಿಗೆ ಬಣ್ಣ ಹಚ್ಚಿ ಇನ್ನೊಂದನ್ನು ದೀಪಾವಳಿ ರಜೆಗೆಂದು ಬಿಟ್ಟವರ ಮನೆಗಳಿಗೆ ಹೋದರೆ ಇದು ಕಣ್ಣಾರೆ ಕಾಣುತ್ತದೆ.

ಹನ್ನೊಂದು ತಿಂಗಳ ಕರಾರಿನ ಊರಿನಲ್ಲಿ ಬಿಚ್ಚುವುದೂ ಜೋಡಿಸುವಷ್ಟೇ ಮುಖ್ಯ. ಕಪಾಟಿನ ಮೂಲೆಗಳಲ್ಲಿ ತುಸು ತಿರುಗಿಸಿದರೆ ಬಿಗಿಯುವ ಲೋಹದ ಬಿಲ್ಲೆಗಳಿರುತ್ತವೆ. ಹಿಂದಕ್ಕೆ ತಿರುಗಿಸಿದರೆ ಹಲಗೆಗಳು ಮತ್ತೆ ಚಪ್ಪಟೆಯಾಗಿ ಒಂದರ ಮೇಲೊಂದು ಮಲಗುತ್ತವೆ. ಒಂದೆರಡು ಸಲಕ್ಕೆ ತೊಂದರೆಯಿಲ್ಲ. ಆಮೇಲೆ ತೂತುಗಳು ಸಡಿಲವಾಗುತ್ತವೆ. ಜೋಡಿಸುವಾಗ ಕೀಲಿಗೂ ಗೂಟಕ್ಕೂ ಗೋಂದು ಹಾಕಿ ಗಟ್ಟಿ ಮಾಡಿದವರಿಗೆ ಈ ದಾರಿ ಮುಚ್ಚಿರುತ್ತದೆ. ಈಚೆಗೆ ಐಕಿಯಾ ತನ್ನ ಕೆಲವು ಸಾಮಾನುಗಳಿಗೆ ಬಿಚ್ಚುವ ಚಿತ್ರಸೂಚಿಗಳನ್ನೂ ಹೊರತಂದಿದೆ. ಬಾಡಿಗೆಯವರು ಮಾಡಿಕೊಳ್ಳಬೇಕಾದ ಸಿದ್ಧತೆ ಇನ್ನೂ ಸರಳ: ಕಪಾಟಿನ ಮೂಲ ಹಿಡಿ, ಮೂಲ ಸ್ಕ್ರೂ, ಅಲೆನ್ ಕೀ, ಜೋಡಣೆಯ ಹಾಳೆ ಇವನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕಪಾಟಿನ ಬೆನ್ನಿಗೇ ಟೇಪಿನಿಂದ ಅಂಟಿಸಿಡುವುದು. ಚನ್ನಪಟ್ಟಣದ ಗುಂಡು ಹಿಡಿಗಳನ್ನು ಹೊಸ ಮನೆಗೆ ಒಯ್ದು, ಹಳೆಯ ಹಿಡಿ ಹಾಕಿದ ಕಪಾಟನ್ನು ಮುಂದಿನ ಬಾಡಿಗೆದಾರರಿಗೆ ಅರ್ಧ ಬೆಲೆಗೆ ಮಾರಿ ಹೋಗುವವರೂ ಉಂಟು.